ಒಲೆ ಹಚ್ಚಿದವರ ಮನೆ

ಬೆಳಿಗ್ಗೆ ತಾನೇ ಗೋಡೆಯ ಮೇಲಿಂದ ರೊಟ್ಟಿ ದಾಟಿಸಿ ಬಂದ ಮನೆಯನ್ನು ಕಚೇರಿಯ ಪರದೆ ‘ಖಾಲಿ’ ಎಂದು ತೋರಿಸಿದರೆ ಯಾರ ತಲೆಯಾದರೂ ಕೆಡುತ್ತದೆ. ಅನಸೂಯಾ ಹೂಗಾರಳದೂ ಕೆಟ್ಟಿತು. ಕನ್ನಡಕ ತೆಗೆದು ಸೆರಗಿನಿಂದ ಒರೆಸಿ ಮತ್ತೆ ಹಾಕಿಕೊಂಡು ನೋಡಿದಳು. ನೂಲಗೇರಿಯ ನಕ್ಷೆಯಲ್ಲಿ ದೇವಾಂಗ ಓಣಿ ಉದ್ದಕ್ಕೂ ಹಳದಿಯಾಗಿತ್ತು. ಹಳದಿ ಎಂದರೆ ಜನ ವಾಸವಿದ್ದಾರೆ ಎಂದು. ನಡುವೆ ಒಂದೇ ಒಂದು ಬಿಳಿ ಚೌಕ, ಹಲ್ಲು ಬಿದ್ದ ಬಾಯಿಯ ಹಾಗೆ. ಅದು ಬನಶಂಕರಿಯ ಮನೆ. ಅನಸೂಯಾಳ ಮನೆಗೂ ಅದಕ್ಕೂ ಇರುವುದು ಒಂದೇ ಗೋಡೆ.

ಅವಳು ನೆಲಬಳಕೆ ಕೇಂದ್ರದ ಮುಖ್ಯಸ್ಥರಾದ ಮಠಪತಿ ಸಾಹೇಬರನ್ನು ಕರೆದಳು. ಅವರು ಚಹಾದ ಲೋಟ ಹಿಡಿದುಕೊಂಡೇ ಬಂದರು.

“ಸರ್, ಈ ಮನಿ ಖಾಲಿ ಇಲ್ರಿ. ಮುಂಜಾನೆ ನಾನ ಅವ್ರಿಗೆ ರೊಟ್ಟಿ ಕೊಟ್ಟು ಬಂದೀನಿ.”

“ನೀವ್ಯಾಕ ಕೊಟ್ರಿ? ಅವ್ರ ಮನ್ಯಾಗ ಒಲಿ ಇಲ್ಲೇನು?”

“ಐತ್ರಿ, ಹಚ್ಚೂಹಂಗಿಲ್ಲ. ಬನಶಂಕರಿ ಅತ್ತಿ ಹೊನ್ನವ್ವ ತೀರಿಕೊಂಡಾರ. ಸೂತಕ ನಡದೈತಿ.”

ಮಠಪತಿಯವರು ಒಂದು ಗುಟುಕು ಚಹಾ ಕುಡಿದರು. ಅವರಿಗೆ ಅರ್ಥವಾಗಿತ್ತು. ಅರ್ಥವಾದ ಮೇಲೆ ಏನು ಮಾಡಬೇಕು ಎಂಬುದು ಮಾತ್ರ ಅರ್ಥವಾಗಿರಲಿಲ್ಲ.

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು. ಮೊದಲು ನೂಲಗೇರಿಯಲ್ಲೂ ಎಲ್ಲ ಊರಿನ ಹಾಗೆ ಬಣ್ಣ ಬಳಿದ ನಕ್ಷೆಯೊಂದು ಇತ್ತು. ಇಲ್ಲಿ ವಾಸ, ಇಲ್ಲಿ ಕೈಗಾರಿಕೆ, ಇಲ್ಲಿ ವ್ಯಾಪಾರ ಎಂದು ಯಾರೋ ಯಾವಾಗಲೋ ಗೆರೆ ಹೊಡೆದಿದ್ದರು. ಊರು ಮಾತ್ರ ಗೆರೆ ಕೇಳಿ ಬೆಳೆದಿರಲಿಲ್ಲ. ನೇಕಾರರ ಮನೆಯಲ್ಲಿ ಪಡಸಾಲೆಯಲ್ಲೇ ಮಗ್ಗ, ಮಗ್ಗದ ಪಕ್ಕದಲ್ಲೇ ಹಾಸಿಗೆ. ಅದನ್ನು ಮನೆ ಎಂದು ಬರೆದರೆ ಮಗ್ಗ ಅಕ್ರಮ, ಕಾರ್ಖಾನೆ ಎಂದು ಬರೆದರೆ ಮಲಗುವುದು ಅಕ್ರಮ. ಮೇಲೊಂದು ಕೋಣೆ ಕಟ್ಟಲು ಕೇಳಿದರೆ ಮೊದಲು ನೆಲದ ಬಣ್ಣ ಬದಲಿಸಿಕೊಂಡು ಬನ್ನಿ ಎನ್ನುತ್ತಿದ್ದರು. ಬಣ್ಣ ಬದಲಿಸಿಕೊಳ್ಳಲು ಹೋದವರ ಕೂದಲಿನ ಬಣ್ಣ ಬದಲಾಗುತ್ತಿತ್ತು. ಈ ನಡುವೆ ಊರ ನಟ್ಟನಡುವೆ ದೊಡ್ಡ ದೊಡ್ಡ ಜಾಗಗಳು ಬೆಲೆ ಏರಲಿ ಎಂದು ಬೇಲಿ ಹಾಕಿಕೊಂಡು ಬಿದ್ದಿದ್ದವು. ಬಾಡಿಗೆ ಕೊಡಲಾಗದವರು ತಗಡಿನ ಶೆಡ್ಡುಗಳಲ್ಲಿ ಬೇಯುತ್ತಿದ್ದರು.

ಆಗ ಬಂದದ್ದು ಹೊಸ ನಿಯಮ. ನಕ್ಷೆಗೆ ತಕ್ಕಂತೆ ಬಳಕೆ ಅಲ್ಲ, ಬಳಕೆಗೆ ತಕ್ಕಂತೆ ನಕ್ಷೆ. ಎಲ್ಲಿ ಜನ ಬದುಕುತ್ತಾರೋ ಅದು ವಾಸದ ನೆಲ, ಅಲ್ಲಿ ಯಾರ ಸಹಿಯೂ ಇಲ್ಲದೆ ಮೇಲೆ ಎರಡು ಅಂತಸ್ತು ಕಟ್ಟಿಕೊಳ್ಳಬಹುದು. ಎಲ್ಲಿ ಒಂದು ಪಕ್ಷ, ಅಂದರೆ ಹದಿನೈದು ದಿನ, ಪೂರ್ತಿ ಯಾರೂ ಬದುಕಲಿಲ್ಲವೋ ಅದು ಖಾಲಿ, ಅದು ಮನೆ ಇಲ್ಲದವರ ಸರದಿಗೆ ಹೋಗುತ್ತದೆ. ಮಾಲೀಕರಿಗೆ ಊರ ಹೊರಗೆ ಅಷ್ಟೇ ಅಳತೆಯ ಜಾಗ. ‘ಅರ್ಜಿ ಬೇಡ, ಬಳಕೆಯೇ ಅರ್ಜಿ’ ಎಂದು ಬಸ್ಸುಗಳ ಹಿಂದೆ ಬರೆಸಿದರು.

ಯಾರು ಎಲ್ಲಿ ಬದುಕುತ್ತಾರೆ ಎಂದು ನೋಡುವ ಕೆಲಸ ಯಂತ್ರದ್ದು. ಓಣಿ ಓಣಿಯ ಕಂಬಕ್ಕೂ ಚರಂಡಿಗೂ ಬೆರಳುದ್ದದ ಡಬ್ಬಿಗಳನ್ನು ಕೂರಿಸಿದರು. ಕಂಬದ ಡಬ್ಬಿ ಅಡಿಗೆಮನೆಯ ಕಾವನ್ನು ಗುರುತಿಸುತ್ತದೆ, ಹೊಸ್ತಿಲ ಮುಂದೆ ನೀರು ಹಾಕಿ ರಂಗೋಲಿ ಬಿಟ್ಟಿದ್ದಾರೆಯೇ ನೋಡುತ್ತದೆ. ಚರಂಡಿಯ ಡಬ್ಬಿ ಸ್ನಾನದ ಸಾಬೂನು ನೀರನ್ನು ಮೂಸುತ್ತದೆ. ಊರವರು ಇಡೀ ಯಂತ್ರಕ್ಕೇ ಮೂಗು ಎಂದು ಹೆಸರಿಟ್ಟರು. ಮೊದಮೊದಲು ಮೂಗು ವಿದ್ಯುತ್ ದೀಪವನ್ನೂ ಲೆಕ್ಕಕ್ಕೆ ಹಿಡಿಯುತ್ತಿತ್ತು. ಬೇಲಿಯ ಮಾಲೀಕರು ಖಾಲಿ ಗೋದಾಮುಗಳಲ್ಲಿ ಹಗಲೂ ರಾತ್ರಿ ಬಲ್ಬು ಉರಿಸತೊಡಗಿದ ಮೇಲೆ ದೀಪವನ್ನು ಬಿಟ್ಟರು. ಒಬ್ಬ ಮಹಾನುಭಾವ ತನ್ನ ಖಾಲಿ ಶೆಡ್ಡಿನ ಮುಂದೆ ರಂಗೋಲಿ ಹಾಕಲು ಕೂಲಿಯವರನ್ನು ಇಟ್ಟಿದ್ದ. ಅವನನ್ನು ಹಿಡಿಯಲು ಪ್ರತಿ ಸಂಸಾರದ ಒಲೆಗೂ ಒಂದು ಗುರುತಿನ ಬಿಲ್ಲೆ ಅಂಟಿಸಿದರು. ಯಾವ ಒಲೆ ಎಲ್ಲಿ ಉರಿಯುತ್ತದೆ ಎಂದು ಮೂಗಿಗೆ ಗೊತ್ತಾಗತೊಡಗಿತು.

ಬಿಲ್ಲೆ ಬರುವ ಮೊದಲು ಎಡವಟ್ಟುಗಳೂ ಆಗಿದ್ದವು. ಮದುವೆಯ ಸುಗ್ಗಿಯಲ್ಲಿ ಬಸ್ ನಿಲ್ದಾಣದ ಹಿಂದಿನ ಕಲ್ಯಾಣಮಂಟಪವನ್ನು ಮೂಗು ನಲವತ್ತು ಸಂಸಾರಗಳ ಮನೆ ಎಂದು ಘೋಷಿಸಿ, ಮೇಲೆ ಇನ್ನೆರಡು ಅಂತಸ್ತು ಕಟ್ಟಿಕೊಳ್ಳಲು ಅನುಮತಿ ಕೊಟ್ಟಿತು. ಜನ ನಕ್ಕು ಸುಮ್ಮನಾದರು. ಯಾಕೆಂದರೆ ಬೇಲಿಗಳು ನಿಜವಾಗಿಯೂ ಬಿದ್ದಿದ್ದವು. ಊರ ನಡುವೆ ಹಗುರ ಗೋಡೆಯ ಸಾವಿರಾರು ಮನೆಗಳು ಎದ್ದಿದ್ದವು, ಬಾಡಿಗೆ ಇಳಿದಿತ್ತು. ಅನಸೂಯಾಳಿಗೂ ತಾನು ಒಳ್ಳೆಯ ಕೆಲಸದಲ್ಲಿದ್ದೇನೆ ಎಂಬ ಹೆಮ್ಮೆ ಇತ್ತು.

ಆದರೆ ಸಾವಿನ ಮಾತನ್ನು ಯಂತ್ರಕ್ಕೆ ಯಾರೂ ಹೇಳಿರಲಿಲ್ಲ. ಒಂದು ಮನೆಯಲ್ಲಿ ವರ್ಷದುದ್ದಕ್ಕೂ ಏನೇನು ನಡೆಯುತ್ತದೆ ಎಂದು ಅದಕ್ಕೆ ಕಲಿಸಲು ಸೇರಿದ ಸಭೆಯಲ್ಲಿ ಹಬ್ಬ ಬಂತು, ಮದುವೆ ಬಂತು, ಬಾಣಂತನ ಬಂತು, ಗಂಡ ಹೆಂಡತಿ ಜಗಳವಾಡಿ ಹೋಟೆಲಿನಿಂದ ಊಟ ತರಿಸುವುದೂ ಬಂತು. ಚರಂಡಿ ವಿಭಾಗದವನೊಬ್ಬ, “ಯಾರರೆ ಸತ್ತಾಗ ಹೆಂಗ್ರಿ?” ಎಂದು ಕೇಳಿದ. ಇಡೀ ಸಭೆ ಅವನನ್ನು ಕೆಕ್ಕರಿಸಿ ನೋಡಿತು. “ಮಂದಿಗೆ ಮನಿ ಕೊಡೂ ಕೆಲಸ ಇದು. ಮುಹೂರ್ತದಾಗ ಕುಂತು ಅಂಥಾ ಮಾತು ಆಡಬ್ಯಾಡ್ರಿ,” ಎಂದು ಮಠಪತಿಯವರೇ ಅವನ ಬಾಯಿ ಮುಚ್ಚಿಸಿದ್ದರು. ಎಲ್ಲರೂ ಹೌದೌದು ಎಂದಿದ್ದರು. ಬೇರೆ ದೇಶದ ಇಂಜಿನಿಯರುಗಳು ಎಂಥ ತಪ್ಪು ಮಾಡಿದರೂ ಈ ತಪ್ಪು ಮಾಡುತ್ತಿರಲಿಲ್ಲ.

ಬೇರೆ ಸಾವಿನ ಮನೆಗಳು ಹೇಗೋ ಪಾರಾಗಿದ್ದವು. ಹೆಚ್ಚಿನವರು ಮೂರನೆಯ ದಿನಕ್ಕೆ ಒಲೆ ಹಚ್ಚುತ್ತಿದ್ದರು. ಬನಶಂಕರಿಯ ಮನೆತನದಲ್ಲಿ ಮಾತ್ರ ಹದಿಮೂರೂ ದಿನ ಸ್ವಂತ ಒಲೆ ಹಚ್ಚುವ ಪದ್ಧತಿ ಇಲ್ಲ. ನೆರೆಯವರು, ಬೀಗರು ತಂದದ್ದನ್ನು ಉಣ್ಣಬೇಕು. ಹೊಸ್ತಿಲಿಗೆ ರಂಗೋಲಿ ಇಲ್ಲ, ಮೈಗೆ ಎಣ್ಣೆ ಸಾಬೂನು ಇಲ್ಲ, ಮಗ್ಗದ ಸದ್ದಿಲ್ಲ. ಅದಕ್ಕೂ ಮುಂಚೆ ಹೊನ್ನವ್ವ ಹುಬ್ಬಳ್ಳಿಯ ಆಸ್ಪತ್ರೆಯಲ್ಲಿದ್ದಷ್ಟು ದಿನ ಮನೆಗೆ ಬೀಗ. ಎಲ್ಲ ಸೇರಿ ಪಕ್ಷ ತುಂಬಿಬಿಟ್ಟಿತ್ತು. ಚರಂಡಿಗೆ ಬರುತ್ತಿದ್ದ ಬರೀ ನೀರನ್ನು ಮೂಗು ‘ನಲ್ಲಿ ಸೋರಿಕೆ’ ಎಂದು ಬರೆದುಕೊಂಡಿತ್ತು.

“ಸರ್, ನೀವ ಕೈಯಾರೆ ತಿದ್ದಿಬಿಡ್ರಿ,” ಎಂದಳು ಅನಸೂಯಾ.

“ಕೈ ಹಾಕಾಕ ಬರೂದಿಲ್ಲವ್ವ. ಮನಷ್ಯಾರು ಕೈ ಹಾಕಬಾರದು ಅಂತಲೇ ಅಲ್ಲೇನು ಈ ಮಷೀನು ತಂದದ್ದು? ನಾ ಇವತ್ತ ನಿಮ್ಮ ಬಾಜೂ ಮನಿ ತಿದ್ದಿದ್ರ ನಾಳೆ ಬೇಲಿಯವರೆಲ್ಲಾ ನನ್ನ ಬಾಗಲಾಗ ಬಂದು ನಿಲ್ತಾರ.”

ಅದೂ ನಿಜವೇ ಆಗಿತ್ತು. ಅನಸೂಯಾಳಿಗೆ ಯಾರ ಮೇಲೆ ಸಿಟ್ಟು ಮಾಡಬೇಕೋ ತಿಳಿಯಲಿಲ್ಲ. ಅವಳು ನೋಡುತ್ತಿದ್ದಂತೆಯೇ ಬಿಳಿ ಚೌಕದ ಮೇಲೆ ಒಂದು ಹೆಸರು ಮೂಡಿತು. ಕಸ್ತೂರಿ ಹನುಮೇಶ ತಳವಾರ, ಹತ್ತಿ ಮಾರುಕಟ್ಟೆಯ ಹಿಂದಿನ ಶೆಡ್ಡು. ಮನೆ ಹಂಚಿಕೆಯಾಗಿತ್ತು. ಅನಸೂಯಾ ಚೀಲ ತೆಗೆದುಕೊಂಡು ಸ್ಕೂಟಿ ಹತ್ತಿದಳು.

ಅವಳು ಓಣಿಗೆ ಬರುವ ಹೊತ್ತಿಗೆ ಬನಶಂಕರಿಯ ಮನೆಯ ಮುಂದೆ ಸಾಮಾನು ಹೇರಿದ ಟಂಟಂ ಆಟೊ ಒಂದು ನಿಂತಿತ್ತು. ಅದರ ತುಂಬ ಗಂಟುಗಳು, ಒಂದು ಕಬ್ಬಿಣದ ಮಂಚ, ಹೊಸ ಕಸಬರಿಗೆ, ಬಿಲ್ಲೆ ಅಂಟಿಸಿದ ಗ್ಯಾಸ್ ಒಲೆ. ಅರಿಸಿನ ಹಚ್ಚಿದ ಹೊಸ ಪಾತ್ರೆಯನ್ನು ಎದೆಗೆ ಒತ್ತಿ ಹಿಡಿದುಕೊಂಡು ಒಬ್ಬ ಬಸುರಿ ಹೆಂಗಸು ನಿಂತಿದ್ದಳು. ಪಾತ್ರೆಯಲ್ಲಿ ಹಾಲಿನ ಪ್ಯಾಕೆಟ್ಟು. ಅವಳೇ ಕಸ್ತೂರಿ. ಟಂಟಂನಿಂದ ಇಳಿದು ಮನೆಯ ಕಡೆ ಒಂದು ಕಾಲು ಮುಂದಿಟ್ಟವಳು ಅಲ್ಲಿಯೇ ನಿಂತುಬಿಟ್ಟಿದ್ದಳು. ಮನೆಯ ಕಟ್ಟೆಯ ಮೇಲೆ ಬನಶಂಕರಿಯ ಗಂಡ ದೇವೇಂದ್ರಪ್ಪ ತಲೆ ಬೋಳಿಸಿಕೊಂಡು, ಒಂಟಿ ಪಂಚೆಯಲ್ಲಿ ಕೂತಿದ್ದ. ಬಾಗಿಲೊಳಗೆ ಚಿಕ್ಕ ಕೋಣೆಯ ನೆಲದ ಮೇಲೆ ಒಂದು ಎಣ್ಣೆ ದೀಪ ಉರಿಯುತ್ತಿತ್ತು.

“ಯಾರು ಬೇಕಾಗಿತ್ರಿ?” ಎಂದು ಬನಶಂಕರಿ ಬಾಗಿಲಿಗೆ ಬಂದು ಕೇಳಿದಳು.

ಕಸ್ತೂರಿಯ ಗಂಡ ಹನುಮೇಶ ಫೋನು ತೋರಿಸಿದ. “ಈ ಮನಿ ನಮಗ ಬಂದೈತ್ರಿ. ಖಾಲಿ ಐತಿ ಅಂತ ಹೇಳ್ಯಾರ.”

“ಖಾಲಿ ಎಲ್ಲೈತಿ? ನಾವು ಇಲ್ಲೇ ಅದೀವಲ್ಲ.”

“ಹೌದ್ರಿ, ಕಾಣಾಕತ್ತೈತಿ. ಆದ್ರ ಖಾಲಿ ಅಂತ ಬಂದೈತಿ.” ಹನುಮೇಶ ಫೋನನ್ನೂ ಬನಶಂಕರಿಯನ್ನೂ ಒಂದಾದ ಮೇಲೆ ಒಂದು ನೋಡಿದ. ಹತ್ತಿಯ ಅಂಡಿಗೆ, ಮೂಟೆ ಹೊತ್ತು ಗಟ್ಟಿಯಾದ ಅವನ ಕುತ್ತಿಗೆ ಬೆವರಿತ್ತು. ಮೋಸ ಮಾಡಲು ಬಂದವನಂತೆ ತಾನು ಕಾಣುತ್ತಿದ್ದೇನೆಂದು ಅವನಿಗೆ ಸಂಕಟವಾಗುತ್ತಿತ್ತು.

ಓಣಿಯವರೆಲ್ಲ ಕೂಡಿದರು. ಅನಸೂಯಾ ಕಟ್ಟೆಯ ಬದಿಗೆ ನಿಂತು ನಡೆದದ್ದನ್ನು ಬಿಡಿಸಿ ಹೇಳಿದಳು. ಬನಶಂಕರಿ ಪೂರ್ತಿ ಕೇಳಿದಳು. ಕೇಳಿ, “ಅಂದ್ರ ನಾವು ಅಳಾಕ ಕುಂತದ್ದಕ್ಕ ಮನಿ ಹೋತು?” ಎಂದಳು.

“ಊರ ಹೊರಗ ಅಷ್ಟ ಜಾಗಾ ಕೊಡ್ತಾರಂತಲ್ಲ,” ಎಂದು ಒಬ್ಬರು ಸಮಾಧಾನಕ್ಕೆ ಹೇಳಿದರು.

“ಮಗ್ಗ ಬಿಚ್ಚಿ ಒಯ್ಯಬಹುದು, ಮಗ್ಗದ ಕುಣಿ ಒಯ್ಯಾಕ ಬರತೈತೇನು?” ಎಂದ ದೇವೇಂದ್ರಪ್ಪ. ತಾಯಿ ತೀರಿಕೊಂಡಂದಿನಿಂದ ಅವನು ಆಡಿದ ಮೊದಲ ಮಾತು ಅದು. ಅವನ ಮಗ್ಗ ಕಾಲು ಇಳಿಬಿಟ್ಟು ಕೂತು ನೇಯುವ ಕುಣಿ ಮಗ್ಗ. ಅವನ ಅಪ್ಪ ಅಗೆದ ಕುಣಿ, ಹೊನ್ನವ್ವ ಮಣ್ಣು ಹೊತ್ತು ಸಾರಿಸಿದ ಕುಣಿ. ಆ ಪಡಸಾಲೆಯ ತಂಪಿನಲ್ಲಿ ನೂಲು ಕಡಿಯದೆ ಬರುತ್ತದೆ ಎಂದು ಅವನ ನಂಬಿಕೆ. ಊರ ಹೊರಗಿನ ಕಲ್ಲು ಮೊರಡಿಯಲ್ಲಿ ಅದು ಆಗದ ಮಾತು. ಮನೆ ಹೋದರೆ ಗಂಡ ಹೆಂಡತಿ ಇಬ್ಬರ ಅನ್ನವೂ ಹೋದಂತೆಯೇ.

ಅನಸೂಯಾ ಮಠಪತಿಯವರಿಗೆ ಫೋನು ಮಾಡಿದಳು. ಅವರೂ ಅಷ್ಟರಲ್ಲಿ ನಿಯಮವನ್ನು ಮೇಲಿಂದ ಕೆಳಗೆ ಓದಿ ಸುಸ್ತಾಗಿದ್ದರು.

“ನೋಡವ್ವ, ಹಿಂಗೈತಿ. ಈಗ ಎರಡೂ ಸಂಸಾರದ ಒಲಿ ಮಷೀನಿಗೆ ಗೊತ್ತದಾವ. ಹೊತ್ತು ಮುಳುಗೂದರಾಗ ಯಾರ ಒಲಿ ಮೊದಲ ಹತ್ತತೈತೋ ಅವ್ರ ಮನಿ. ನಿಮ್ಮ ಬನಶಂಕರಿ ಒಂದು ಕಡ್ಡಿ ಗೀರಿದ್ರ ಮುಗೀತು, ಹಂಚಿಕಿ ತಾನ ರದ್ದಾಗತೈತಿ.”

“ಇಬ್ಬರೂ ಹಚ್ಚಲಿಲ್ಲಂದ್ರ?”

“ಆಗ ಯಾರಿಗೂ ಮನಿ ಬ್ಯಾಡ ಅಂತ ಲೆಕ್ಕ. ಜಾಗಾ ಗೋದಾಮಿಗೋ ಮತ್ತೊಂದಕ್ಕೋ ಹೋಗತೈತಿ. ಇಬ್ಬರೂ ಸರದಿ ಕಡೀಕ.”

ಇಷ್ಟು ಸುಲಭದ ಪರಿಹಾರ ಸಿಕ್ಕಿತಲ್ಲ ಎಂದು ಅನಸೂಯಾಳಿಗೆ ಒಂದು ಗಳಿಗೆ ಹಗುರವಾಯಿತು. ಅವಳು ಬನಶಂಕರಿಯನ್ನು ಬದಿಗೆ ಕರೆದು ಕಿವಿಯಲ್ಲಿ ಹೇಳಿದಳು. ಬನಶಂಕರಿ ತಲೆ ಅಲ್ಲಾಡಿಸಿದಳು.

“ಹಚ್ಚೂಹಂಗಿಲ್ಲ, ಅನಸೂಯಕ್ಕ.”

“ಇನ್ನೆರಡ ದಿನ ಐತಲ್ಲ ಮುಗ್ಯಾಕ. ಒಂದು ಚಹಾ ಮಾಡು ಸಾಕು.”

“ಎರಡ ದಿನ ಇರಲಿ, ಒಂದು ತಾಸು ಇರಲಿ. ಅತ್ತಿ ಇನ್ನಾ ದಾರ್ಯಾಗದಾಳ. ಆಕಿ ದೀಪಾ ಉರಿಯೂತನಾ ಈ ಮನ್ಯಾಗ ನಮ್ಮ ಒಲಿ ಹತ್ತಬಾರದು. ನಾ ಈ ಮನಿಗೆ ಬಂದಾಗಿಂದ ಆಕಿ ಹೇಳಿದ್ದು ಒಂದೂ ಕೇಳಿಲ್ಲ. ಇದೊಂದರೆ ಕೇಳ್ತೀನಿ.”

“ಹಂಗಾರ ನಾ ಬಂದು ನಿಮ್ಮ ಒಲಿ ಹಚ್ತೀನಿ.”

“ಯಾರು ಹಚ್ಚಿದ್ರೂ ಅದು ನಮ್ಮ ಒಲಿನ ಅಲ್ಲ?”

ಹೌದಲ್ಲ ಎನಿಸಿತು ಅನಸೂಯಾಳಿಗೆ. ಈ ಮಾತನ್ನು ಮೂಗೂ ಒಪ್ಪುತ್ತಿತ್ತು. ಈ ಒಂದು ವಿಷಯದಲ್ಲಿ ಬನಶಂಕರಿಯದೂ ಯಂತ್ರದ್ದೂ ಒಂದೇ ಶಾಸ್ತ್ರ.

ಇತ್ತ ಟಂಟಂ ಬಳಿ ಇನ್ನೊಂದು ಜಗಳ ನಡೆದಿತ್ತು. ಮೊದಲು ಹಚ್ಚಿದವರ ಮನೆ ಎಂಬ ಮಾತು ಹನುಮೇಶನ ಕಿವಿಗೂ ಬಿದ್ದಿತ್ತು. ಅವನು ಹೆಂಡತಿಯ ಕೈ ಹಿಡಿದು ತಗ್ಗಿದ ದನಿಯಲ್ಲಿ ಅಂಗಲಾಚುತ್ತಿದ್ದ.

“ನಡಿ, ಹಾಲು ಉಕ್ಕಿಸಿ ಬಿಡೂನು. ಹೇಳಿದ್ನಲ್ಲ, ನಾವೇನು ಕಳ್ಳತನಾ ಮಾಡಾಕತ್ತಿಲ್ಲ. ಎಷ್ಟು ವರ್ಷ ಕಾದೀವಿ.”

“ಸತ್ತವರ ದೀಪಾ ಉರಿಯೂ ಮನ್ಯಾಗ ಹಾಲು ಉಕ್ಕಸಂತೀಯಾ? ನನ್ನ ಹೊಟ್ಟ್ಯಾಗ ಕೂಸೈತಿ,” ಎಂದಳು ಕಸ್ತೂರಿ.

“ಕೂಸಿಗೇ ಬೇಕಲ್ಲ ಮನಿ. ಆ ತಗಡಿನ ಬುಡಕ ಹಡಿತೀಯೇನು?”

ಕಸ್ತೂರಿಯ ಕಣ್ಣಲ್ಲಿ ನೀರು ತುಂಬಿತು. ಬೇಸಿಗೆಯಲ್ಲಿ ಆ ಶೆಡ್ಡಿನ ತಗಡು ಕೈ ಇಟ್ಟರೆ ಸುಡುತ್ತಿತ್ತು. ಮನೆಯ ಸುದ್ದಿ ಬಂದಾಗ ಅವಳು ಅಕ್ಕಪಕ್ಕದವರಿಗೆಲ್ಲ ಸಕ್ಕರೆ ಹಂಚಿ ಬಂದಿದ್ದಳು. ಹಾಗಿದ್ದೂ ಅವಳ ಕಾಲು ಆ ಹೊಸ್ತಿಲ ಕಡೆ ಏಳಲೊಲ್ಲದು. ಸಾವಿನ ಮನೆಯಲ್ಲಿ ಗೃಹಪ್ರವೇಶ ಮಾಡಿದವರನ್ನು ಅವಳು ಕಂಡಿರಲೂ ಇಲ್ಲ, ಕೇಳಿರಲೂ ಇಲ್ಲ.

ಹೀಗೆ ಎರಡು ಒಲೆಗಳು, ಒಂದು ಒಳಗೆ ಒಂದು ಟಂಟಂನಲ್ಲಿ, ತಣ್ಣಗೆ ಕೂತಿದ್ದವು. ಇಬ್ಬರಲ್ಲಿ ಯಾರಾದರೂ ಹಚ್ಚಿದರೆ ಒಬ್ಬರಿಗೆ ಮನೆ, ಹಚ್ಚದಿದ್ದರೆ ಇಬ್ಬರಿಗೂ ಇಲ್ಲ. ಓಣಿಯ ಹಿರಿಯರು ಬಾಯಿಗೊಂದು ಮಾತು ಆಡಿದರು. ಸೂತಕ ದೊಡ್ಡದೋ ಮನೆ ದೊಡ್ಡದೋ ಎಂದರು. ಬಸುರಿಯನ್ನು ಬಿಸಿಲಲ್ಲಿ ನಿಲ್ಲಿಸಬಾರದು ಎಂದರು. ಮೊದಲಿನ ಬಣ್ಣದ ನಕ್ಷೆಯೇ ವಾಸಿಯಾಗಿತ್ತು ಎಂದು ಒಬ್ಬರು ಅಂದರು. ಆಗ ಅದೇ ನಕ್ಷೆಯ ಕಾಲದಲ್ಲಿ ಮೂರು ಸಲ ಮನೆ ಕೆಡವಿಸಿಕೊಂಡವರೊಬ್ಬರು ಅವರ ಮೇಲೆ ಏರಿ ಹೋದರು. ಅನಸೂಯಾಳ ತಲೆ ಗಿರ್ರೆನ್ನುತ್ತಿತ್ತು. ಎಲ್ಲರ ಮಾತೂ ಸರಿ ಎನಿಸುತ್ತಿತ್ತು, ಎಲ್ಲ ಸರಿ ಮಾತೂ ಸೇರಿ ತಪ್ಪಾಗುತ್ತಿತ್ತು.

ಹೊತ್ತು ಬಾಗಿತು. ಕೂಡಿದವರು ಒಬ್ಬೊಬ್ಬರಾಗಿ ಚದುರಿದರು. ಬನಶಂಕರಿ ಕಸ್ತೂರಿಗೆ ಕೂರಲು ಕಟ್ಟೆಯ ತುದಿಯಲ್ಲಿ ಒಂದು ಗೋಣಿಚೀಲ ಹಾಸಿ, ತಾನು ದೂರ ಸರಿದು ಕೂತಳು. ಕೊನೆಗೆ ಕಸ್ತೂರಿಯೇ ಕೇಳಿದಳು.

“ನಿಮ್ಮದು ಊಟಾ ಆತೇನ್ರಿ?”

ಅನಸೂಯಾ ಹಣೆ ಬಡಿದುಕೊಂಡಳು. ಈ ದಿನ ಊಟ ಕೊಡುವ ಸರದಿ ಅವಳದೇ. ಬೆಳಿಗ್ಗೆ ಕೊಟ್ಟ ರೊಟ್ಟಿ ಬನಶಂಕರಿಗೆ. ತಾಯಿಯ ಕರ್ಮ ಹಿಡಿದ ದೇವೇಂದ್ರಪ್ಪ ದಿನಕ್ಕೆ ಒಂದೇ ಹೊತ್ತು ಉಣ್ಣುವವನು, ಅದೂ ಮಾಡಿಟ್ಟದ್ದಲ್ಲ, ಆಗಷ್ಟೇ ಇಳಿಸಿದ ಅನ್ನ, ಹೊತ್ತು ಮುಳುಗುವುದರೊಳಗೆ. ಮಧ್ಯಾಹ್ನ ಬಂದು ಮಾಡಿಕೊಡುತ್ತೇನೆ ಎಂದು ಹೋದವಳು ಈ ಗೊಂದಲದಲ್ಲಿ ಪೂರ್ತಿ ಮರೆತಿದ್ದಳು. ಅವಳು ದಡಬಡಿಸಿ ತನ್ನ ಮನೆಗೆ ಹೊರಟಳು.

“ನೀವು ಹೋಗಿ ಯಾವಾಗ ಮಾಡ್ತೀರಿ? ಹೊತ್ತು ಎಲ್ಲೈತಿ ನೋಡ್ರಿ, ನನ್ನ ಒಲಿ ಇಲ್ಲೇ ಐತಿ,” ಎಂದು ಕಸ್ತೂರಿ ಎದ್ದಳು. ಅರಿಸಿನ ಹಚ್ಚಿದ ಪಾತ್ರೆಯನ್ನು ಸೆರಗಿನಿಂದ ಒರೆಸಿದಳು. “ಹಾಲು ಉಕ್ಕಸೂದು ಬ್ಯಾರೆ, ಸತ್ತವರ ಮನಿಗೆ ಅಡಿಗಿ ಮಾಡಿ ಹಾಕೂದು ಬ್ಯಾರೆ. ಅದಕ್ಕ ಹೊಟ್ಟ್ಯಾಗಿನ ಕೂಸು ಅಡ್ಡಿ ಬರೂದಿಲ್ಲ. ನಮ್ಮವ್ವನೂ ಏಳು ತಿಂಗಳ ಬಸುರ್ಯಾಗ ಮಂದಿಗೆ ಅಡಿಗಿ ಮಾಡಿ ಕೊಟ್ಟಾಕಿನ.” ಗಂಡನ ಕಡೆ ತಿರುಗಿ, “ಒಲಿ ಇಳಸು. ಒಳಗ ಬ್ಯಾಡ, ಕಟ್ಟಿ ಮ್ಯಾಲೆ ಇಡು,” ಎಂದಳು.

ಹನುಮೇಶ ಎರಡನೆಯ ಮಾತು ಆಡಿಸಿಕೊಳ್ಳಲಿಲ್ಲ. ಅವನ ಮುಖದ ಮೇಲೆ ಆಸೆ ಮೂಡಿದ್ದನ್ನು ಅನಸೂಯಾ ನೋಡಿದಳು. ಹೊಸ್ತಿಲು ದಾಟದಿದ್ದರೆ ಮನೆ ಹಿಡಿದಂತಲ್ಲ ಎಂದು ಕಸ್ತೂರಿ ತಿಳಿದಿದ್ದಳು, ಆದರೆ ಆ ಕಟ್ಟೆಯೂ ಇದೇ ಜಾಗದ ಲೆಕ್ಕಕ್ಕೆ ಸೇರುತ್ತದೆ ಎಂದು ಅನಸೂಯಾಳಿಗೆ ಗೊತ್ತಿತ್ತು. ಆ ಒಲೆ ಹತ್ತಿದ ಕ್ಷಣಕ್ಕೆ ಮನೆ ಕಸ್ತೂರಿಯದು. ಹೇಳಬೇಕೋ ಬೇಡವೋ ಎಂದು ಅನಸೂಯಾ ತಡವರಿಸಿದಳು. ಹೇಳದೆ ಇರಲಾಗದೆ ಬನಶಂಕರಿಯ ಹತ್ತಿರ ಓಡಿದಳು.

“ಆಕಿ ಅದನ್ನ ಹಚ್ಚಿದ್ರ ಮನಿ ಆಕೀದಾಗತೈತಿ, ಬನಶಂಕರಿ. ಬ್ಯಾಡ ಅನ್ನು. ನಾ ಹೆಂಗರೆ ಮಾಡಿ ಅಡಿಗಿ ತರ್ತೀನಿ.”

ಬನಶಂಕರಿ ಒಂದು ಕ್ಷಣ ಕಣ್ಣು ಮುಚ್ಚಿದಳು. “ಸೂತಕದಾಗ ತಾನಾಗೇ ಬಂದ ಅನ್ನ ಬ್ಯಾಡ ಅನ್ನೂಹಂಗಿಲ್ಲ.”

“ಮನಿ ಹೋಗತೈತಿ ಅಂದ್ರೂ?”

“ಉಣ್ಣಾಕ ಹಾಕಾಕ ಬಂದಾಕಿಗೆ ಏನಂತ ಹೇಳ್ಲಿ? ನನಗ ಏನೂ ತಿಳಿವಲ್ದು, ಅಕ್ಕ. ನಮ್ಮನಿಯವರು ಉಣ್ಣಲಿ.”

ಕಸ್ತೂರಿ ಕಡ್ಡಿ ಗೀರಿದಳು.

ಅಕ್ಕಿ ತೊಳೆದು ಇಟ್ಟಳು. ಬೇಳೆ ಬೇಯಿಸಿ ಒಗ್ಗರಣೆ ಇಲ್ಲದ ಸಪ್ಪನೆಯ ಸಾರು ಮಾಡಿದಳು. ಕೊನೆಗೆ ಹೊಸ ಮನೆಗೆಂದು ತಂದ ಹಾಲಿನ ಪ್ಯಾಕೆಟ್ಟನ್ನು ಉಗುರಿನಿಂದ ಹರಿದು ಆ ಅರಿಸಿನದ ಪಾತ್ರೆಗೆ ಸುರಿದಳು. ಹಾಲು ಕಾಯತೊಡಗಿದಾಗ ಅವಳು ಸೌಟು ಹಿಡಿದು ಬಿಡದೆ ಕೈಯಾಡಿಸುತ್ತಿದ್ದಳು. ಅಂಚಿಗೆ ಬಂದಾಗಲೆಲ್ಲ ಉರಿ ತಗ್ಗಿಸಿ ಇಳಿಸುತ್ತಿದ್ದಳು. ಒಂದು ಹನಿ ಉಕ್ಕಿ ಹೊರಗೆ ಬಿದ್ದರೂ ಅದು ಗೃಹಪ್ರವೇಶವಾಗಿಬಿಡುತ್ತದೆ ಎಂದು ಅವಳಿಗೆ ಭಯ. ಹಾಲು ಉಕ್ಕಲಿಲ್ಲ. ಅನ್ನಕ್ಕೆ ಹಾಲು ಕಲಸಿ ದೇವೇಂದ್ರಪ್ಪನ ಮುಂದೆ ಬಾಳೆಎಲೆಯಲ್ಲಿ ಇಟ್ಟು, ಅವನು ಉಂಡು ಏಳುವವರೆಗೂ ಸೆರಗು ಹೊದ್ದು ನಿಂತಿದ್ದಳು.

ಅನಸೂಯಾಳ ಫೋನು ಬಡಿದುಕೊಂಡಿತು. ಮಠಪತಿಯವರ ದನಿಯಲ್ಲಿ ಭಾರ ಇಳಿದ ಸಮಾಧಾನ. “ಹಳದಿ ಬಂತು ನೋಡವ್ವ. ಕಸ್ತೂರಿ ಹೆಸರಿಗೆ ಕುಂತೈತಿ. ಪಾಪ, ನಿಮ್ಮ ಬಾಜೂದವರಿಗೆ ಹೇಳ್ರಿ, ಏನೂ ಮಾಡಾಕಾಗಲಿಲ್ಲ ಅಂತ.”

ಅನಸೂಯಾ ಹೇಳಬೇಕಾಯಿತು. ಎಲ್ಲರೂ ಕೇಳುವ ಹಾಗೆ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದಳು. ಕಸ್ತೂರಿ ಪಾತ್ರೆ ತಿಕ್ಕುತ್ತಿದ್ದವಳು ಹಾಗೇ ನಿಂತಳು.

“ನಾ ಮನಿಗಂತ ಹಚ್ಚಲಿಲ್ರಿ,” ಎಂದಳು.

“ಮಷೀನಿಗೆ ಅದು ಗೊತ್ತಾಗೂದಿಲ್ಲ.”

“ನಿಮಗ ಗೊತ್ತಾತಲ್ಲ. ಅನ್ನಾ ಹಾಕಿ ಮನಿ ಕಸಗೊಂಡಾಕಿ ಆಗಿ ನಾ ಹೆಂಗ ಇರಲಿ? ವಾಪಸ್ ಕೊಟ್ಟೀನಿ ಅಂತ ಬರಕೊಳ್ರಿ.”

“ಹುಚ್ಚೀ,” ಎಂದ ಹನುಮೇಶ. ಆದರೆ ಅವನೂ ದೇವೇಂದ್ರಪ್ಪನ ಮುಖ ನೋಡಲಾಗದೆ ನೆಲ ನೋಡುತ್ತಿದ್ದ.

ಅನಸೂಯಾ ಮತ್ತೆ ಮಠಪತಿಯವರನ್ನು ಕೇಳಿದಳು. ಉತ್ತರ ಬಂದಾಗ ಅವಳು ಕಟ್ಟೆಯ ಮೇಲೆ ಕುಸಿದು ಕೂತಳು. ನಿಯಮದಲ್ಲಿ ವಾಪಸ್ ಕೊಡುವುದು ಎಂಬುದೇ ಇರಲಿಲ್ಲ. ಬಳಸುವುದು ಇತ್ತು, ಬಳಸದಿರುವುದು ಇತ್ತು. ಕಸ್ತೂರಿ ತನ್ನ ಒಲೆ ಎತ್ತಿಕೊಂಡು ಹೋದರೆ ಮನೆ ಬನಶಂಕರಿಗೆ ಮರಳುವುದಿಲ್ಲ, ಮತ್ತೆ ಖಾಲಿಯಾಗಿ ಇನ್ಯಾರದೋ ಸರದಿಗೆ ಹೋಗುತ್ತದೆ. ಬನಶಂಕರಿ ಆ ಮನೆಯಲ್ಲಿ ಉಳಿಯಬೇಕೆಂದರೆ ಕಸ್ತೂರಿಯ ಒಲೆ ಅಲ್ಲಿ ಉರಿಯುತ್ತಲೇ ಇರಬೇಕು.

“ಹದಿಮೂರು ಮುಗದ ಮ್ಯಾಲೆ ಬನಶಂಕರಿ ತನ್ನ ಒಲಿ ಹಚ್ಚಿದ್ರ?” ಎಂದು ಅನಸೂಯಾ ಕೇಳಿದ್ದಳು. ಅದು ಎರಡನೆಯ ಒಲೆ ಎಂದು ದಾಖಲಾಗುತ್ತದೆ, ಎರಡನೆಯ ಒಲೆಯ ಹಕ್ಕೇನು ಎಂದು ತಮಗೂ ಗೊತ್ತಿಲ್ಲ, ನೋಡೋಣ ಎಂದಿದ್ದರು ಸಾಹೇಬರು.

ಇದನ್ನೆಲ್ಲ ಕೇಳಿ ಕಸ್ತೂರಿ ಗಲಿಬಿಲಿಗೊಂಡು ಬನಶಂಕರಿಯ ಕಡೆ ತಿರುಗಿದಳು.

“ಅಕ್ಕಾರ, ಅಂದ್ರ ನಾವು ನಿಮ್ಮ ಮನ್ಯಾಗ ಇರೂದೋ, ನೀವು ನಮ್ಮ ಮನ್ಯಾಗ ಇರೂದೋ?”

ಆ ಪ್ರಶ್ನೆ ಕೇಳಿ ಸರ್ಕಾರದ ಸಂಬಳ ತಿನ್ನುವ ಅನಸೂಯಾ ಮುಖ ತಿರುಗಿಸಿದಳು. ಅವಳಿಗೆ ನಾಚಿಕೆಯಾಯಿತು, ಅಳು ಬಂತು. ಯಾರ ಪರವಾಗಿ ಅಳಬೇಕೆಂದೂ ತಿಳಿಯಲಿಲ್ಲ.

ಬನಶಂಕರಿ ಎದ್ದು ಬಾಗಿಲ ಬಳಿ ಹೋಗಿ ಒಳಗೆ ನೋಡಿದಳು. ಒಂದು ಪಡಸಾಲೆ, ಅದರ ಅರ್ಧ ಮಗ್ಗ. ಒಂದು ಅಡಿಗೆಮನೆ. ನಡುವೆ ಗೋಡೆಗೆ ಹತ್ತಿದ ಒಂದು ಚಿಕ್ಕ ಕೋಣೆ, ದೀಪ ಇದ್ದದ್ದು ಅಲ್ಲಿ. ಅವಳು ತಿರುಗಿ ಬಂದು ಕಸ್ತೂರಿಯ ಎದುರು, ಮುಟ್ಟದಷ್ಟು ದೂರದಲ್ಲಿ ನಿಂತಳು.

“ಇನ್ನೆರಡು ದಿನ ಅನಸೂಯಕ್ಕನ ಮನ್ಯಾಗ ಮಲಗು. ಕಟ್ಟಿ ಮ್ಯಾಲೆ ಬಂದು ಒಲಿ ಹಚ್ಚು. ಹದಿಮೂರು ಮುಗದ ಮ್ಯಾಲೆ ಮನಿ ತೊಳದು ಶುದ್ಧ ಮಾಡಿ ಕರಿತೀನಿ, ಆವಾಗ ಒಳಗ ಬಾ,” ಎಂದಳು.

“ಒಳಗ ನಮಗ ಜಾಗಾ ಎಲ್ಲೈತ್ರಿ? ನಿಮಗ ಸಾಲವಲ್ದು.”

“ಐತಿ,” ಎಂದಳು ಬನಶಂಕರಿ. ಅಷ್ಟು ದಿನವೂ ಬಂದವರಿಗೆಲ್ಲ ಸಮಾಧಾನ ಹೇಳುತ್ತಲೇ ಇದ್ದ ಅವಳ ದನಿ ಮೊದಲ ಸಲ ಒಡೆಯಿತು. “ಮಷೀನು ಹೇಳಿದ್ದು ಪೂರ್ತಿ ಸುಳ್ಳಲ್ಲ, ತಂಗಿ. ನಮ್ಮತ್ತಿ ಮಲಗೂ ಜಾಗಾ ಖಾಲಿ ಐತಿ.”

ಹೊನ್ನವ್ವನನ್ನು ಒಂದು ಸಲವೂ ಕಂಡಿರದ ಕಸ್ತೂರಿ, ಕೈಯಲ್ಲಿದ್ದ ಪಾತ್ರೆಯನ್ನು ಕೆಳಗಿಟ್ಟು ಹೊನ್ನವ್ವನಿಗಾಗಿ ಅತ್ತಳು.